ಪಕ್ಕದ ಮನೆಯ ಸೊಪ್ಪು

ಹುಡುಗನ ತಾಯಿ ಹೆಣ್ಣಿಗಿಂತ ಮೊದಲು ಮನೆಯ ಫ್ರಿಜ್ ನೋಡುತ್ತಾರೆ, ಹಳಸಿದ್ದು ಕಂಡರೆ ಕಾಫಿಯನ್ನೂ ಮುಟ್ಟದೆ ಎದ್ದು ಹೋಗುತ್ತಾರೆ ಎಂದು ಕೇಳಿದ ಮೇಲೆ ಲೀಲಾವತಿಗೆ ಕೈಕಾಲೇ ಆಡಲಿಲ್ಲ. ಮಗಳಿಗೆ ಬಂದ ಸಂಬಂಧಗಳೆಲ್ಲ ತಪ್ಪಿಹೋಗಿ ಉಳಿದಿದ್ದು ಇದೊಂದೇ. ಅವಳ ಫ್ರಿಜ್ಜಿನಲ್ಲೋ ಮೊನ್ನೆಯ ಸಾರು, ಕರಿದು ಉಳಿದ ಎಣ್ಣೆ, ಹುಳಿ ಬಂದ ಹಿಟ್ಟು. ಅದನ್ನೆಲ್ಲ ಪಕ್ಕದ ಮನೆಯ ಪಂಕಜಮ್ಮನ ಫ್ರಿಜ್ಜಿಗೆ ಸಾಗಿಸಿ, ಅಲ್ಲಿದ್ದ ಸೊಪ್ಪು, ಮೊಳಕೆ ಕಾಳುಗಳನ್ನು ತಂದು ಜೋಡಿಸಿದಳು.

“ಇದೆಲ್ಲ ಯಾಕಮ್ಮ?” ಎಂದಳು ಮಗಳು ಶಾಂಭವಿ.

“ನೀನು ಬಾಯಿ ಮುಚ್ಕೊಂಡು ಕೂತಿದ್ರೆ ಸಾಕು ತಾಯಿ.”

ಹುಡುಗನ ತಾಯಿ ಬಂದವರೇ ನೀರಿನ ನೆಪದಲ್ಲಿ ಅಡುಗೆಮನೆಗೆ ನಡೆದು ಫ್ರಿಜ್ ತೆರೆದರು. ಅವರ ಮುಖ ಅರಳಿತು.

“ಈ ದಂಟಿನ ಸೊಪ್ಪು ಇವತ್ತಿಂದಾ?”

ಲೀಲಾವತಿ ಹೂಂಗುಟ್ಟುವಷ್ಟರಲ್ಲಿ ಶಾಂಭವಿಯೇ ಬಾಯಿ ಹಾಕಿದಳು. “ಇಲ್ಲ, ಮೊನ್ನೇದು. ಬೇರು ಕತ್ತರಿಸಿ ಬಟ್ಟೇಲಿ ಸುತ್ತಿಟ್ರೆ ಬಾಡಲ್ಲ. ಅಡುಗೆ ಮಾಡೋವಾಗ ಮೊದಲು ತೊಳೀಬೇಕು, ಆಮೇಲೆ ಹೆಚ್ಚಬೇಕು. ಬೇಯಿಸಿದ ನೀರನ್ನ ಚೆಲ್ಲಬಾರದು, ಅದ್ರಲ್ಲೇ ಬಸ್ಸಾರು ಮಾಡ್ಬೇಕು.”

ಲೀಲಾವತಿ ಬೆರಗಾಗಿ ನೋಡಿದಳು. ಈ ಹುಡುಗಿ ಮನೆಯಲ್ಲಿ ಒಂದು ಈರುಳ್ಳಿ ಸುಲಿದಿದ್ದನ್ನೂ ಅವಳು ಕಂಡಿರಲಿಲ್ಲ.

“ನಿಮ್ಮಮ್ಮ ಚೆನ್ನಾಗಿ ಕಲಿಸಿದ್ದಾರೆ ಕಣಮ್ಮ,” ಎಂದರು ಹುಡುಗನ ತಾಯಿ. “ಇನ್ನೇನು ಕೇಳೋದಿದೆ, ಒಳ್ಳೆ ದಿನ ನೋಡೋಣ.”

ಲೀಲಾವತಿ ಹಿಗ್ಗಿ ಸೆರಗು ಸರಿಮಾಡಿಕೊಂಡಳು.

“ಕಲಿಸಿದ್ದು ಅಮ್ಮ ಅಲ್ಲ, ಪಕ್ಕದ ಮನೆ ಪಂಕಜಮ್ಮನೋರು,” ಎಂದಳು ಶಾಂಭವಿ. “ಅವರ ಮಗನಿಗೆ ತಂಗಳು ಆಗಲ್ಲ. ಮದುವೆ ಆದ್ಮೇಲೆ ನಾನು ಪರದಾಡೋದು ಬೇಡ ಅಂತ ಈಗ್ಲೇ ಹೇಳಿಕೊಟ್ರು.”