ಕೆಂಪು ದಾರದ ಹಿಡಿಕೆ

"ಹೋದ ಸಲ ಕೇಕ್ ನಡುವೆ ಕುಸಿದುಹೋಯ್ತು. ಈಗ ಓವನ್ ಬಾಗಿಲು ತೆಗೆದು ನೋಡ್ಲಾ? ಬೇಗ ಹೇಳಿ!" ಎಂದು ಬೇಕಿಂಗ್ ಗುಂಪಿನಲ್ಲಿ 'ಹೊಸಕೈ' ಎಂಬಾತ ಫೋಟೋ ಹಾಕಿದ್ದ. ಆ ಗುಂಪಿನಲ್ಲಿ 'ಬೆಣ್ಣೆಮುದ್ದೆ' ಎಂದೇ ಹೆಸರಾದ ಅತ್ತೆ ತಮ್ಮ ಕೋಣೆಯಲ್ಲಿ ಕನ್ನಡಕ ಏರಿಸಿದರು. ಕಣ್ಣಿಗೆ ಮೊದಲು ಬಿದ್ದದ್ದು ಓವನ್ನಿನ ಹಿಡಿಕೆ. ಕೈ ಸುಡದಿರಲೆಂದು ಅದಕ್ಕೆ ಕೆಂಪು ದಾರ ಸುತ್ತಿದ್ದು ಅವರೇ.

ಮಗಳು ಹೇಳದೆ ಕೇಳದೆ ಮದುವೆಯಾದಳೆಂದು, ಒಂದೇ ಸೂರಿನಡಿ ಇದ್ದೂ ಅವರು ಅಳಿಯನೊಂದಿಗೆ ಮಾತು ಬಿಟ್ಟಿದ್ದರು. ಆದರೆ ಕೇಕ್ ಏನು ಪಾಪ ಮಾಡಿತ್ತು? "ತೆಗೀಬೇಡಪ್ಪ! ತಣ್ಣನೆ ಗಾಳಿ ನುಗ್ಗಿದ್ರೆ ಉಬ್ಬಿದ್ದೆಲ್ಲ ಇಳಿದುಹೋಗುತ್ತೆ. ಗಾಜಿನಿಂದಲೇ ನೋಡು" ಎಂದು ಬರೆದರು. ಅಡುಗೆಮನೆಯಲ್ಲಿ ಕಿರ್ರೆನ್ನತೊಡಗಿದ್ದ ಬಾಗಿಲು ಥಟ್ಟನೆ ಮುಚ್ಚಿಕೊಂಡಿತು.

"ಬದುಕಿಸಿದ್ರಿ! ಇದು ನಮ್ಮತ್ತೆಗೆ. ನನ್ನ ಹತ್ರ ಮಾತಾಡಲ್ಲ, ಕೇಕಾದ್ರೂ ತಿಂತಾರೇನೋ ಅಂತ" ಎಂದು ಉತ್ತರ ಬಂತು.

ಅತ್ತೆ ಏನೋ ಬರೆದರು, ಅಳಿಸಿದರು. ಫೋನನ್ನು ಹಾಸಿಗೆಯ ಮೇಲೆ ಬಿಟ್ಟು ಅಡುಗೆಮನೆಗೆ ನಡೆದರು. ಮೂಗಿಗೆಲ್ಲ ಮೈದಾ ಮೆತ್ತಿಕೊಂಡು ಓವನ್ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಅಳಿಯ ಗಡಬಡಿಸಿ ಎದ್ದ. "ಕೂತ್ಕೊಳ್ಳಿ" ಎಂದು ಅವರೂ ಪಕ್ಕದಲ್ಲೇ ಕೂತು ಗಾಜಿನೊಳಗೆ ಇಣುಕಿದರು. "ಆರಿದ ಮೇಲೇ ಕತ್ತರಿಸೋಣ. ಹೊಸಕೈಗೆ ಯಾವಾಗಲೂ ಆತುರ ಜಾಸ್ತಿ."