ಒತ್ತಿ ಹೋದ ಬಟನ್

ಪೂಜಿತಾ ಹತ್ತಿಕಡ್ಡಿಯಿಂದ ಹಳೆಯ ರೇಡಿಯೋ ರಿಸೀವರಿನ ಹಿಂಬದಿಯ ತೂತುಗಳನ್ನು ಒಂದೊಂದಾಗಿ ಒರೆಸುತ್ತಿದ್ದಳು. ಎರಡು ತೂತುಗಳಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಅದನ್ನು ಸೂಜಿಯಿಂದ ಕೆದಕಿ ಕಾಗದದ ಮೇಲೆ ಉದುರಿಸಿದಳು. ಸ್ಪೀಕರಿನ ವಯರುಗಳ ತುದಿ ಕಿಲುಬು ಹಿಡಿದು ಹಸಿರಾಗಿತ್ತು. ಅಷ್ಟನ್ನು ಕತ್ತರಿಸಿ, ಹೊಸ ತಾಮ್ರ ಬಿಡಿಸಿ, ಕೆಂಪನ್ನು ಕೆಂಪಿಗೆ, ಕಪ್ಪನ್ನು ಕಪ್ಪಿಗೆ ಸಿಕ್ಕಿಸಿದಳು. ಅಮ್ಮ ಸೀತು ಅಡುಗೆಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಅಪ್ಪ ಮಹಾಬಲ ಕುಂಬ್ರದಲ್ಲಿ ಟೈಲರ್ ಅಂಗಡಿ ಇಟ್ಟ ಹೊಸತರಲ್ಲಿ, ದುಬೈಯಿಂದ ಬಂದ ಅಲಿ ಕುಂಞಿಯ ಕೈಯಿಂದ ಕೊಂಡ ರಿಸೀವರ್ ಅದು. ಹನ್ನೊಂದು ವರ್ಷದ ಹಿಂದೆ ಒಂದು ದಿನ ಅದರ ಸ್ವರ ನಿಂತಿತ್ತು. ದೀಪ ಹೊತ್ತುತ್ತಿತ್ತು, ಮುಳ್ಳು ಓಡುತ್ತಿತ್ತು, ಸ್ವರ ಮಾತ್ರ ಇಲ್ಲ. ರಿಪೇರಿಯ ದೇವದಾಸ ಫೋನಿನಲ್ಲೇ ಎಲ್ಲ ಕೇಳಿ, ಐಸಿ ಹೋಗಿರಬೇಕು, ಆ ಪಾರ್ಟು ಈಗ ಸಿಗುವುದಿಲ್ಲ ಎಂದುಬಿಟ್ಟಿದ್ದ. ಅಪ್ಪ ಅದನ್ನು ಗುಜರಿಗೆ ಹಾಕಲಿಲ್ಲ. ತೇವ ಹಿಡಿಯಬಾರದೆಂದು ಪ್ರತಿ ಆದಿತ್ಯವಾರ ಅರ್ಧ ಗಂಟೆ ಸ್ವಿಚ್ ಹಾಕಿ, ಆ ಮೂಕ ಬೆಳಕಿನೆದುರು ಸುಮ್ಮನೆ ಕೂತಿರುತ್ತಿದ್ದ.

ಅದನ್ನು ನೋಡಲಾಗದೆಯೇ ಪೂಜಿತಾ ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಈ ಕೆಲಸ ಕಲಿತದ್ದು. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವಳು. ಮುಂಬದಿಯ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಲು ಹೊತ್ತು ಹಿಡಿಯಿತು. ಸಾಲು ಬಟನುಗಳಲ್ಲಿ ಒಂದು ಮಾತ್ರ ಒಳಗೆ ಕೂತಿತ್ತು. ಟೇಪ್ ಮಾನಿಟರ್. ಅದು ಒತ್ತಿದ್ದರೆ ಟೇಪಿನ ಸ್ವರ ಮಾತ್ರ ಬರುವುದು, ರೇಡಿಯೋದ್ದು ಬರುವುದಿಲ್ಲ ಎಂದು ವಿಡಿಯೋದವನು ಹೇಳಿದ್ದ. ಈ ಮನೆಯಲ್ಲಿ ಟೇಪೇ ಇಲ್ಲ. ಅವಳು ಸ್ವಿಚ್ ಹಾಕಿ ಆ ಬಟನನ್ನು ಒಮ್ಮೆ ಒತ್ತಿದಳು. ಅದು ಹೊರಗೆ ಬಂತು. ಬೆನ್ನಿಗೇ ಮಂಗಳೂರು ಸ್ಟೇಷನ್ನಿನ ತಾಳಮದ್ದಲೆ, ಮನೆ ತುಂಬ ಅರ್ಥಧಾರಿಯ ವಾದ.

ಅಂಗಳದಲ್ಲಿ ಬೈಕ್ ಒರೆಸುತ್ತಿದ್ದ ಅಪ್ಪ ಒದ್ದೆ ಬಟ್ಟೆ ಹಿಡಿದುಕೊಂಡೇ ಒಳಗೆ ಬಂದ. ಮಗಳ ತಲೆಯ ಮೇಲೆ ಕೈಯಿಟ್ಟು, "ದೇವದಾಸನಿಗೆ ಆಗದ್ದು ನಿನಗೆ ಆಯ್ತಲ್ಲ ಮಾರಾಯ್ತಿ" ಎಂದ. ಮತ್ತೆ ಕುರ್ಚಿಯನ್ನು ಎರಡು ಸ್ಪೀಕರುಗಳ ನಟ್ಟನಡುವೆ ಎಳೆದು ಕೂತು ಕಣ್ಣು ಮುಚ್ಚಿದ.

ಪೂಜಿತಾ ಅಡುಗೆಕೋಣೆಗೆ ಓಡಿದಳು. "ಎಂತದೂ ಹಾಳಾಗಿರ್ಲಿಲ್ಲ ಅಮ್ಮ. ಒಂದು ಬಟನ್ ಒತ್ತಿ ಹೋಗಿತ್ತು, ಅಷ್ಟೆ."

"ಗೊತ್ತುಂಟು," ಎಂದಳು ಸೀತು. "ಧೂಳು ತೆಗೆಯುವಾಗ ನನ್ನದೇ ಕೈ ತಾಗಿದ್ದು."

"ಮತ್ತೆ ಅಪ್ಪನಿಗೆ ಹೇಳುದಲ್ವಾ?"

ಸೀತು ಚಾಕ್ಕೆ ನೀರಿಟ್ಟಳು. ಮೊದಲೆಲ್ಲ ಅಂಗಡಿಯಿಂದ ಬಂದು ಅದರೆದುರು ಕೂತರೆ ಅವರು ಏಳುವುದು ಊಟಕ್ಕೇ, ತಾನು ಏನು ಹೇಳಿದರೂ ಹೂಂ ಕೂಡ ಇರಲಿಲ್ಲ ಎಂದಳು. "ಸ್ವರ ಹೋದ ದಿನ ಇಲ್ಲಿ ಬಂದು ಮಣೆ ಹಾಕಿ ಕೂತ್ರು. ಇವತ್ತು ನೀನು ಎಂತೆಲ್ಲ ಮಾಡಿದೆ ಅಂತ ಕೇಳಿದ್ರು. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಅದೇ ಮೊದಲು. ಮತ್ತೆ ಹೇಳ್ಲಿಕ್ಕೆ ನನಗೆ ಮನಸ್ಸು ಬರ್ಲಿಲ್ಲ."

ಪೂಜಿತಾಳಿಗೆ ಸಂಜೆ ಎಂದರೆ ಅದೇ: ಯಾರು ಅಂಗಿಯ ಕಾಲರನ್ನು ಎಷ್ಟು ಸಲ ಬಿಚ್ಚಿ ಹೊಲಿಸಿದರೆಂದು ಅಪ್ಪ ಹೇಳುವುದು, ಅಮ್ಮ ಸೆರಗು ಬಾಯಿಗೊತ್ತಿ ನಗುವುದು, ಮೂಲೆಯಲ್ಲಿ ಕೂತು ತಾನು ಕೇಳುವುದು. ಅವಳು ತನ್ನ ದನಿ ತಗ್ಗಿಸಿದಳು.

"ನಾನು ಪುನಃ ಒತ್ತಿ ಬರ್ತೇನೆ. ಹಾಳಾಯ್ತು ಅಂತ ಹೇಳುವ."

"ಬೇಡ. ಅವರ ಮುಖ ನೋಡಿದೆಯಾ ನೀನು?"

ಸೀತು ಚಾ ತಂದು ಸ್ಟೂಲಿನ ಮೇಲಿಟ್ಟು ಹೊಸ್ತಿಲಲ್ಲಿ ಕೂತಳು. ಬೆಳಗ್ಗೆ ಮೀನಿನ ಗಾಡಿಯ ಹಿಂದೆ ನೆರೆಮನೆಯ ಜತ್ತಪ್ಪನ ನಾಯಿ ಓಡಿದ ಸುದ್ದಿ ಹೇಳತೊಡಗಿ, ಅರ್ಧದಲ್ಲಿ ನಿಲ್ಲಿಸಿದಳು. ಅರ್ಥಧಾರಿ ಎದುರಾಳಿಗೆ ಸವಾಲು ಹಾಕಿದ. ಅಪ್ಪ ಕಣ್ಣು ಮುಚ್ಚಿಕೊಂಡೇ ತಲೆದೂಗಿದ.

"ಇವರೇ, ಅದನ್ನು ಸ್ವಲ್ಪ ಸಣ್ಣ ಮಾಡ್ತೀರಾ?" ಎಂದಳು ಸೀತು.