ನಿಮಿಷಕ್ಕೆ ಇಪ್ಪತ್ತೈದು ಶಬ್ದ

"ಹದಿನೈದರ ಮ್ಯಾಲೆ ಒಂದ ಶಬ್ದ ಬ್ಯಾಡ," ಎಂದು ಪಡಸಾಲೆಯಲ್ಲಿ ಕೃಷ್ಣಾಜಿ ಹೇಳಿದಾಗ, ಒಳಗೆ ಚಹಾ ಸೋಸುತ್ತಿದ್ದ ಅವನ ಹೆಂಡತಿ ಸುಂದರಾಬಾಯಿಯ ಕೈ ಹಾಗೆಯೇ ನಿಂತಿತು.

ಕೃಷ್ಣಾಜಿ ಬೈಲಹೊಂಗಲದ ತಾರು ಮಾಸ್ತರ, ಟೆಲಿಗ್ರಾಂ ಬಡಿದು ಕಳಿಸುವವ. ಸವದತ್ತಿಯ ತಾರು ಮಾಸ್ತರ ನೀಲಕಂಠ ರವಿವಾರದ ಬಸ್ಸು ಹಿಡಿದು ಬಂದು ಎದುರಿಗೆ ಕುಳಿತಿದ್ದ. ಬೈಲಹೊಂಗಲ, ಸವದತ್ತಿ, ರಾಮದುರ್ಗ ಮೂರಕ್ಕೂ ಇದ್ದದ್ದು ಒಂದೇ ತಂತಿ. ಒಬ್ಬರು ತಾರು ಬಡಿಯುವಾಗ ಉಳಿದವರು ಕಾಯಬೇಕು. ನಿಮಿಷಕ್ಕೆ ಎಷ್ಟು ಶಬ್ದ ಬಡಿಯಬೇಕೆಂದು ನೀವೇ ಕೂಡಿ ಗೊತ್ತು ಮಾಡಿಕೊಳ್ಳಿ ಎಂದಿದ್ದರು ಮೇಲಿನ ಸಾಹೇಬರು.

"ಏನೋ ಕೃಷ್ಣಾ, ಹೋದ ವರ್ಷ ನನ್ನ ಕೈಗೆ ಎತ್ತಿನ ಗಾಡಿ ಅಂದಾಂವ ನೀನ," ನೀಲಕಂಠ ನಕ್ಕ. "ಈಗ ನಾ ಇಪ್ಪತ್ತೈದು ಅಂದ್ರ ನೀ ಹದಿನೈದಕ್ಕ ಇಳದೀ. ಮುದುಕ ಆದಿ ಏನು?"

"ಜೋರ್ ಬಡದ್ರ ತಪ್ಪು ಬೀಳ್ತಾವ. ತಪ್ಪು ಬಿದ್ರ ಮತ್ತ ಬಡೀಬೇಕು. ರಾಮದುರ್ಗಕ್ಕ ಹೊಸದಾಗಿ ಭಾಗೀರಥಿ ಅಂತ ಬಂದಾಳಲ್ಲ, ಆಕಿ ಕಿವಿ ಇನ್ನೂ ಪಳಗಿಲ್ಲ. ಪಾಪ, ಸಣ್ಣ ಹುಡುಗಿ."

ಪಾಪ. ಮದುವೆಯಾದಂದಿನಿಂದ ಆ ಶಬ್ದ ಒಮ್ಮೆಯೂ ಸುಂದರಾಬಾಯಿಯ ಪಾಲಿಗೆ ಬಂದಿರಲಿಲ್ಲ. ಮೊನ್ನೆ ಬೆರಳು ಸುಟ್ಟುಕೊಂಡಾಗಲೂ "ನೋಡಿ ಹಿಡೀಬಾರದೇನು" ಅಂದಿದ್ದ.

ಆಫೀಸಿನ ಹಿಂದಿನ ಎರಡು ಖೋಲಿಯಲ್ಲಿ ಅವರ ಸಂಸಾರ. ಗೋಡೆಯಾಚೆಯ ಕಟಕಟದಲ್ಲಿ ಅವಳಿಗೆ ಅಕ್ಷರ ಒಂದೂ ತಿಳಿಯದು, ನಡಿಗೆ ತಿಳಿಯುತ್ತಿತ್ತು. ಸವದತ್ತಿಗೆ ಬಡಿಯುವಾಗ ಗಂಡನ ಕೈ ಅಳ್ಳು ಸಿಡಿದಂತೆ. ದೀಪಾವಳಿಯಿಂದೀಚೆಗೆ ಮಧ್ಯಾಹ್ನ ಸ್ವಲ್ಪ ಹೊತ್ತು ಅದೇ ಕೈ ಮೆತ್ತಗಾಗುತ್ತಿತ್ತು, ಕೂಸಿಗೆ ತುತ್ತು ಮಾಡಿ ಉಣಿಸಿದಂತೆ. ಆ ತುತ್ತು ಯಾರಿಗೆಂದು ಈಗ ತಿಳಿಯಿತು.

ಅವಳು ಚಹಾ ತಂದಿಟ್ಟಳು.

"ವೈನೀ, ನೀವ ನ್ಯಾಯ ಮಾಡ್ರಿ," ಎಂದ ನೀಲಕಂಠ. "ದಿನಾ ಗೋಡಿ ಹಿಂದ ಕೂತು ಕೇಳ್ತೀರಿ. ಜೋರ್ ಇರಬೇಕೊ, ಸಾವಕಾಶ ಇರಬೇಕೊ?"

"ಆಕಿಗೇನ ತಿಳೀತದ," ಕೃಷ್ಣಾಜಿ ಬಶಿಗೆ ಚಹಾ ಸುರಿದುಕೊಂಡ.

ಸುಂದರಾಬಾಯಿ ಬಂದವರ ಮುಂದೆ ಮಾತಾಡುವವಳಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. "ಜೋರ್ ಇರ್ಲಿ," ಎಂದಳು. "ಬರಲಾರದವರು ಕಲೀಲಿ. ಇಲ್ಲಾಂದ್ರ ನೌಕರಿ ಬಿಟ್ಟು ಮನೀಗೆ ಹೋಗ್ಲಿ."

"ಭಲೇ! ವೈನಿ ನನ್ನ ಕಡೆ!" ನೀಲಕಂಠ ತೊಡೆ ತಟ್ಟಿದ.

ಕೃಷ್ಣಾಜಿ ಹೆಂಡತಿಯ ಮುಖವನ್ನು ಅಂದು ಮೊದಲ ಸಲ ನೋಡಿದ. ಬಶಿ ಕೆಳಗಿಟ್ಟ. "ಆಗ್ಲಿ. ನಾಳಿಂದ ಇಪ್ಪತ್ತೈದು."

ಮರುದಿನ ಮಧ್ಯಾಹ್ನ ಅವಳು ತಾಟು ಹಾಕಿ ಕುಳಿತಳು. ಗೋಡೆಯಾಚೆ ಕಟಕಟ ಬಿರುಸಿನಿಂದ ಓಡಿತು. ಅವಳ ತುಟಿ ಅರಳಿತು. ಬಡಿತ ನಿಂತಿತು. ತಂತಿಯ ಆ ಕಡೆಯಿಂದ ಅಳುಕುತ್ತ ಎರಡು ಮೂರು ಸಪ್ಪಳ ಬಂದವು. ಕೃಷ್ಣಾಜಿ ಅದನ್ನೇ ಮೊದಲಿನಿಂದ ಬಡಿದ. ಮತ್ತೆ ಅದೇ ಅಳುಕು, ಮತ್ತೆ ಮೊದಲಿನಿಂದ. ದಿನಾ ಇಷ್ಟೊತ್ತಿಗೆ ಮುಗಿದು ಅವನು ಕೈತೊಳೆಯಲು ಬರಬೇಕಿತ್ತು. ಅನ್ನದ ಮೇಲಿನ ತುಪ್ಪ ಹೆಪ್ಪುಗಟ್ಟಿತು.

ಎದ್ದು ಹೋಗಿ ನಡುವಿನ ಬಾಗಿಲು ತಟ್ಟಿದಳು. "ಊಟಕ್ಕ ಏಳ್ರಿ."

"ನೀ ಉಂಡುಬಿಡು," ಒಳಗಿನಿಂದ ಗಂಡನ ದನಿ ಬಂತು. ಅದರಲ್ಲಿ ಬೇಸರದ ಸುಳಿವೇ ಇರಲಿಲ್ಲ. "ಆಕಿ ಇನ್ನೊಮ್ಮೆ ಹೇಳ್ರಿ ಅನ್ಲಿಕ್ಕೆ ಹತ್ಯಾಳ."